ಮೊಸಳೆ ಗಿಮಿಕ್ ಅಂತ ಅನ್ನಿಸಲ್ಲ

ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರ ಬೀದಿ ಕಲೆ ಬರೀ ಗಿಮಿಕ್ ಅಂತ ಒಬ್ಬರು ಬರೆದಿದ್ದಾರೆ. ನಾನು ಒಪ್ಪಲ್ಲ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಗೆ ಮೊಸಳೆಯ ಪ್ರತಿಕೃತಿ ತಂದು ಬಿಟ್ಟರಲ್ಲ, ಅದರಲ್ಲಿ ಮೊಸಳೆಯದ್ದು ಅರ್ಧ ಕೆಲಸ ಅಷ್ಟೆ, ಆ ಗುಂಡಿ, ಅದರಲ್ಲಿ ನಿಂತ ನೀರು, ಪಕ್ಕದಲ್ಲಿ ಹೆದರಿ ಹೆದರಿ ಸಾಗುವ ಸ್ಕೂಟರು ಎಲ್ಲ ಸೇರಿಯೇ ಚಿತ್ರ. ಬಾಯಿ ತೆರೆದ ಮ್ಯಾನ್‌ಹೋಲ್ ಸುತ್ತ ಯಮನ ಮುಖ ಬರೆದದ್ದೂ ಹಾಗೇ. ಬಾಯನ್ನು ಬರೆಯಬೇಕಾಗಿಯೇ ಇರಲಿಲ್ಲ, ಅದು ಮೊದಲೇ ಇತ್ತು!

ಬಾದಲ್ ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿ ಕಲಿತು, ಜಾಹೀರಾತು ಕಂಪನಿಯಲ್ಲಿ ದುಡಿದು, ಆಮೇಲೆ ಸ್ವತಂತ್ರವಾಗಿ ನಿಂತವರು. ಒಂದೇ ನೋಟಕ್ಕೆ ವಿಷಯ ಮುಟ್ಟಿಸುವ ಚುರುಕು ಜಾಹೀರಾತಿಂದ ಬಂದಿದ್ದು ಅಂತ ನನ್ನ ಊಹೆ. 2019ರಲ್ಲಿ ಚಂದ್ರಯಾನ-2 ಇಳಿಯಬೇಕಿದ್ದ ಸುಮಾರಿಗೆ ಬಂದ ಅವರ ಗಗನಯಾತ್ರಿ ವಿಡಿಯೋ ನೆನಪಿದೆ ಅಲ್ವಾ? ಗಗನಯಾತ್ರಿ ನಿಧಾನವಾಗಿ ಚಂದ್ರನ ಮೇಲೆ ನಡೀತಿದ್ದಾನೆ ಅನ್ಸುತ್ತೆ, ಪಕ್ಕದಲ್ಲೇ ಆಟೋ ಹೋದಾಗ ಅದು ಗುಂಡಿ ಬಿದ್ದ ರಸ್ತೆ ಅಂತ ಗೊತ್ತಾಗುತ್ತೆ. ಆ ಆಟೋ ಇಲ್ಲದಿದ್ದರೆ ಏನೂ ಇಲ್ಲ.

ನಾನೂ ಸ್ವಲ್ಪ ಚಿತ್ರ ಬರೆಯುತ್ತೇನೆ. ಸ್ಫೂರ್ತಿ ಬರಲಿ ಅಂತ ಸುಮ್ನೆ ಕೂತದ್ದೇ ಜಾಸ್ತಿ. ಇವರು ಮನೆಯಿಂದ ಹೊರಗೆ ಬಂದು ರಸ್ತೆ ನೋಡುತ್ತಾರೆ. ನಮ್ಮ ಬೀದಿಯಲ್ಲಂತೂ ಸ್ಫೂರ್ತಿಗೆ ಬರ ಇಲ್ಲ, ಮೊನ್ನೆಯಷ್ಟೇ ಒಂದು ಗುಂಡಿಗೆ ಬಿದ್ದು ಮೊಣಕಾಲು ತರಚಿಕೊಂಡೆ.