ಹಳೆಯ ಚಿತ್ರನಕ್ಷೆಗಳ ಸ್ಕ್ಯಾನ್ ಕೊಂಡು ಮುದ್ರಿಸಿಕೊಳ್ಳಬೇಕೇ?

ಪರ: ಗೋಡೆಗೊಂದು ತಿಮಿಂಗಿಲ ಬೇಕು

ತಿಮಿಂಗಿಲದ ಬೆನ್ನನ್ನು ದ್ವೀಪವೆಂದು ನಂಬಿ ನಾವಿಕರು ಲಂಗರು ಹಾಕಿದ್ದಾರೆ. ಸಾಲದ್ದಕ್ಕೆ ಅದರ ಮೇಲೇರಿ ಒಲೆಯನ್ನೂ ಹೊತ್ತಿಸಿದ್ದಾರೆ. 1539ರಲ್ಲಿ ವೆನಿಸ್‌ನಲ್ಲಿ ಅಚ್ಚಾದ, ಸ್ವೀಡನ್ನಿನ ಪಾದ್ರಿ ಓಲಾಸ್ ಮ್ಯಾಗ್ನಸ್‌ನ ‘ಕಾರ್ಟಾ ಮರೀನಾ’ ನಕ್ಷೆಯ ಒಂದು ಮೂಲೆಯ ಕಥೆ ಇದು. ಒಂಬತ್ತು ಹಾಳೆಗಳನ್ನು ಜೋಡಿಸಿದರೆ ಅಗಲ ಸುಮಾರು 170 ಸೆಂಟಿಮೀಟರ್, ಎತ್ತರ 125. ಆ ಮೊದಲ ಮುದ್ರಣದಲ್ಲಿ ಉಳಿದಿರುವುದೆಂದು ಗೊತ್ತಿರುವುದು ಎರಡೇ ಪ್ರತಿ: ಒಂದು ಮ್ಯೂನಿಕ್‌ನಲ್ಲಿ, ಇನ್ನೊಂದು ಸ್ವೀಡನ್ನಿನ ಉಪ್ಸಾಲದಲ್ಲಿ. ಸ್ಕ್ಯಾನ್ ಬೇಡ, ಮೂಲವೇ ಬೇಕು ಎನ್ನುವವರು ನನ್ನನ್ನು ಯಾವ ಊರಿಗೆ ಕನ್ನ ಹಾಕಲು ಕಳುಹಿಸುತ್ತಾರೆ?

ಮೂಲ ಎನ್ನುವ ಮಾತೇ ಇಲ್ಲಿ ಸ್ವಲ್ಪ ಮೋಸದ್ದು. ಆ ಕಾಲದ ಇಂಥ ಚಿತ್ರನಕ್ಷೆಗಳಲ್ಲಿ ಹೆಚ್ಚಿನವು ಮರದ ಅಚ್ಚಿನಿಂದಲೋ ತಾಮ್ರದ ತಗಡಿನಿಂದಲೋ ಒತ್ತಿದವು. ಅಂದರೆ ಹುಟ್ಟಿನಿಂದಲೇ ಪ್ರತಿಗಳು. ನೂರಾರು ಜನರ ಕೈಗೆ ಹೋಗಲೆಂದೇ ಮಾಡಿದ ವಸ್ತುವನ್ನು ಇನ್ನೂ ನೂರು ಜನರ ಕೈಗೆ ಮುಟ್ಟಿಸಿದರೆ ಯಾರ ಗಂಟು ಹೋಯಿತು? ಮತ್ತೆ ಹೇಳುತ್ತೇನೆ, ಪ್ರತಿಯ ಪ್ರತಿಯನ್ನು ಬೈಯುವುದು ಮೊಮ್ಮಗನನ್ನು ನಕಲಿ ಎಂದಂತೆ. ಇನ್ನು ‘ಅಸಲಿ’ ಹಾಳೆಗಾಗಿ ಹಾತೊರೆಯುವವರಿಂದ ಆದದ್ದೇನು? ಇಡೀ ಅಟ್ಲಾಸ್‌ಗಳ ಹೊಲಿಗೆ ಬಿಚ್ಚಿ ಒಂದೊಂದೇ ನಕ್ಷೆ ಮಾರುವ ವ್ಯಾಪಾರ ಬೆಳೆಯಿತು. ನಾಲ್ಕು ಶತಮಾನ ಬಾಳಿದ ಪುಸ್ತಕವನ್ನು ಚೌಕಟ್ಟಿನ ಆಸೆಗೆ ಹರಿಯುವುದಕ್ಕಿಂತ ಸ್ಕ್ಯಾನ್ ಕಡತವೊಂದನ್ನು ಕೊಳ್ಳುವುದು ಸಾವಿರ ಪಾಲು ಮೇಲು.

ನಾನು ಕಾರ್ಟಾ ಮರೀನಾದ ಕಡತ ಕೊಂಡಾಗ ಮನೆಯಲ್ಲಿ ಮೊದಲು ನಕ್ಕವರು ಅಪ್ಪ. ಅವರು ನಿವೃತ್ತ ಮೋಜಣಿದಾರರು, ಜೀವಮಾನವಿಡೀ ಸರಪಳಿ ಹಿಡಿದು ಜಮೀನು ಅಳೆದವರು. ಮುದ್ರಿಸಿದ ಹಾಳೆಯನ್ನು ಊಟದ ಮೇಜಿನ ಮೇಲೆ ಹರಡಿದಾಗ, “ಅಳತೆ ಪಟ್ಟಿ ಎಲ್ಲಿದೆ?” ಎಂದರು. ಮಕ್ಕಳ ಚಿತ್ರವನ್ನು ನಕ್ಷೆ ಎನ್ನಬೇಡ ಎಂದೂ ಸೇರಿಸಿದರು. ಮಧ್ಯಾಹ್ನ ನಾನು ಒಳಗೆ ಬಂದಾಗ ಭೂತಗನ್ನಡಿ ಹಿಡಿದು ಬಗ್ಗಿದ್ದರು. ಸ್ಕಾಟ್ಲೆಂಡಿನ ಬಳಿಯ ಕಡಲಲ್ಲಿ ದೈತ್ಯ ಸಿಗಡಿಯೊಂದು ಮನುಷ್ಯನನ್ನು ಇಕ್ಕಳದಲ್ಲಿ ಹಿಡಿದಿರುವ ಜಾಗ ಅದು. “ಇವನು ಮೊದಲೇ ಮುಳುಗಿದ್ದನೋ, ಇದು ಹಿಡಿದ ಮೇಲೆ ಮುಳುಗಿದನೋ?” ಎಂದು ಕೇಳಿದರು. ನನಗೆ ಉತ್ತರ ತಿಳಿದಿರಲಿಲ್ಲ. ಸಂಜೆಯ ಹೊತ್ತಿಗೆ ನಾರ್ವೆಯ ಕರಾವಳಿಯಲ್ಲಿ ಹಡಗಿಗೆ ಸುತ್ತಿಕೊಂಡ ಸರ್ಪವನ್ನೂ ತೋರಿಸಿದರು, ತಾವೇ ಕಂಡುಹಿಡಿದಂತೆ. ಆಮೇಲೆ ಮೂರು ದಿನ ಆ ಮೇಜಿನ ಮೇಲೆ ಯಾರಿಗೂ ಊಟವಿರಲಿಲ್ಲ. ಮೊಬೈಲಿನ ಪರದೆಯಲ್ಲಿ ಇದೇ ಚಿತ್ರವನ್ನು ಹಿಂದಿನ ವಾರ ತೋರಿಸಿದ್ದೆ. ಅವರು ಕತ್ತು ಕೂಡ ತಿರುಗಿಸಿರಲಿಲ್ಲ.

ಗ್ರಂಥಾಲಯಗಳಲ್ಲಿ ಉಚಿತವಾಗಿ ಸಿಗುವುದಕ್ಕೆ ದುಡ್ಡೇಕೆ ಎಂದು ನನ್ನ ಎದುರಾಳಿ ಕೇಳುತ್ತಾರೆಂದು ಬಲ್ಲೆ. ನದಿಯ ನೀರೂ ಉಚಿತವೇ. ಅವರು ಬೆಳಗ್ಗೆ ಕೊಡ ಹಿಡಿದು ಹೋಗುತ್ತಾರೆಯೇ?

ವಿರೋಧ: ದುಡ್ಡು ಯಾವುದಕ್ಕೆ?

ನನಗೆ ವಿರೋಧದ ಕಡೆ ಬಂದಿದೆ. ಮುದ್ರಿಸುವುದರ ಬಗ್ಗೆ ನನಗೆ ಅಂಥ ಸಿಟ್ಟೇನೂ ಇಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ತಕರಾರು ಕೊಳ್ಳುವುದರ ಮೇಲೆ.

ನಾನು ಕೊಂಡದ್ದು ಹದಿನಾರನೆಯ ಶತಮಾನದ ನಕ್ಷೆಗಾರ ಆರ್ಟೇಲಿಯಸ್‌ನ ಐಸ್‌ಲ್ಯಾಂಡ್ ನಕ್ಷೆ. ಹೆಕ್ಲಾ ಪರ್ವತ ಬೆಂಕಿ ಕಾರುತ್ತಿರುತ್ತದೆ, ಮಂಜುಗಡ್ಡೆಯ ಮೇಲೆ ಹಿಮಕರಡಿಗಳು, ಸುತ್ತಲೂ ಕಡಲ ಭೂತಗಳು. ‘ಅತ್ಯುನ್ನತ ಸ್ಪಷ್ಟತೆ’ ಎಂದು ಬರೆದಿತ್ತು. 60 × 90 ಸೆಂಟಿಮೀಟರಿಗೆ ಮುದ್ರಿಸಿದೆ. ಊರುಗಳ ಹೆಸರುಗಳು ಎಣ್ಣೆಗೆ ಬಿದ್ದ ಇರುವೆಗಳಂತೆ ಊದಿಕೊಂಡಿದ್ದವು. ಆ ಅಳತೆಗೆ ಇಂಚಿಗೆ 300 ಚುಕ್ಕೆ ಬರಬೇಕಾದರೆ ಸುಮಾರು 7,100 × 10,600 ಪಿಕ್ಸೆಲ್ ಬೇಕು ಎಂದು ಆಮೇಲೆ ಲೆಕ್ಕ ಹಾಕಿದೆ. ಮಾರಿದವನು ಚಿಕ್ಕ ಚಿತ್ರವನ್ನು ತಂತ್ರಾಂಶದಲ್ಲಿ ಎಳೆದು ದೊಡ್ಡದು ಮಾಡಿದ್ದ. ನಡುಮಡಿಕೆಯ ಗೆರೆಯನ್ನು ‘ಸ್ವಚ್ಛ’ಗೊಳಿಸುವ ಭರದಲ್ಲಿ ಒಂದೆರಡು ಅಕ್ಷರಗಳೂ ತೊಳೆದುಹೋಗಿದ್ದವು. ಜೊತೆಗೆ ಎಚ್ಚರಿಕೆ ಬೇರೆ: ಇದರ ಹಕ್ಕುಗಳೆಲ್ಲ ನಮ್ಮವು! 1590ರಲ್ಲಿ ಪ್ರಕಟವಾದ ನಕ್ಷೆಗೆ! ಹಕ್ಕುಸ್ವಾಮ್ಯ ಮುಗಿದ ಚಪ್ಪಟೆ ಚಿತ್ರದ ಯಥಾವತ್ ಛಾಯಾಪ್ರತಿಗೆ ಹೊಸ ಹಕ್ಕು ಹುಟ್ಟುವುದಿಲ್ಲ ಎಂದು ಅಮೆರಿಕದ ನ್ಯಾಯಾಲಯವೊಂದು 1999ರಲ್ಲೇ ಹೇಳಿದೆ. ಇಪ್ಪತ್ತನೆಯ ಶತಮಾನದ ಚಿತ್ರನಕ್ಷೆಗಳ ಮಾತು ಬೇರೆ, ಅವುಗಳಲ್ಲಿ ಕೆಲವಕ್ಕೆ ನಿಜವಾದ ಒಡೆಯರು ಇನ್ನೂ ಇರಬಹುದು.

ಮಾರಾಟಗಾರರಲ್ಲಿ ಕೆಲವರು ಕಾರ್ಟಾ ಮರೀನಾದ ಒಂಬತ್ತು ಹಾಳೆಗಳನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಜೋಡಿಸುತ್ತಾರಂತೆ. ಇರಬಹುದು. ನನಗೆ ಸಿಕ್ಕವನು ಅಂಥವನಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಡೇವಿಡ್ ರಮ್ಸೆ ನಕ್ಷೆ ಸಂಗ್ರಹದಂಥವು ದೊಡ್ಡ ಕಡತಗಳನ್ನೇ ಬಿಟ್ಟಿಯಾಗಿ ಇಳಿಸಿಕೊಳ್ಳಲು ಬಿಡುತ್ತವೆ. ಇದಕ್ಕೆ ನದಿ, ಕೊಡ ಏನೂ ಬೇಡ, ಬೆರಳೊಂದು ಸಾಕು.

ಇನ್ನೊಂದು ಸಂಗತಿ ಇದೆ. ನನ್ನ ನಕ್ಷೆಯ ಆ ಕಡಲ ಭೂತಗಳ ಪಕ್ಕದಲ್ಲಿ ಎ, ಬಿ, ಸಿ ಎಂದು ಅಕ್ಷರಗಳಿವೆ. ಯಾವುದು ಏನೆಂಬ ವಿವರಣೆ ಹಾಳೆಯ ಹಿಂಬದಿಯಲ್ಲಿದೆ. ಮಾರುವವರು ಮುಂಬದಿಯನ್ನಷ್ಟೇ ಕೊಟ್ಟಿದ್ದರು. ತಿಂಗಳುಗಟ್ಟಲೆ ನಾನು ಅವು ಅಲಂಕಾರವೆಂದೇ ತಿಳಿದಿದ್ದೆ.

ಆ ಮಸುಕು ಮುದ್ರಣವನ್ನು ಕಪಾಟಿನ ತಳಕ್ಕೆ ಹಾಸಿದೆ. ಗ್ರಂಥಾಲಯವೊಂದರ ಸ್ಕ್ಯಾನ್ ಇಳಿಸಿ, ಮೂಲದಷ್ಟೇ ಅಳತೆಗೆ, ಅಂದರೆ ಸುಮಾರು 49 ಸೆಂಟಿಮೀಟರ್ ಅಗಲಕ್ಕೆ, ಮತ್ತೆ ಮುದ್ರಿಸಿ ತೂಗುಹಾಕಿದ್ದೇನೆ; ಹೌದು, ನನ್ನ ಗೋಡೆಯ ಮೇಲೂ ಒಂದಿದೆ. ಹಿಂಬದಿಯ ಪುಟವನ್ನೂ ಮುದ್ರಿಸಿ ಚೌಕಟ್ಟಿನ ಹಿಂದೆ ಅಂಟಿಸಿದ್ದೇನೆ. ಅದು ಲ್ಯಾಟಿನ್‌ನಲ್ಲಿದೆ, ನನಗೆ ಬರುವುದಿಲ್ಲ.