ಗ್ರಾಹಕ ದೇವರ ಕೆಂಪು ರಿಪೋರ್ಟು

ಮುಂಬಯಿಯ ಸೊಸೈಟಿಗಳಲ್ಲಿ ಸತ್ಯನಾರಾಯಣ ಪೂಜೆಗೆ ಈಗ ಹೊಸ ಅಂಗವೊಂದು ಸೇರಿಕೊಂಡಿದೆ. ಪೆಂಡಾಲಿನ ಮೂಲೆಯಲ್ಲಿ ಮೇಜು, ಮೇಜಿನ ಮೇಲೆ ಹತ್ತಿಕಡ್ಡಿ. ಕೆನ್ನೆಯ ಒಳಗೆ ಉಜ್ಜಿ, ವಂಶವಾಹಿ ಓದಿ, ನಿಮ್ಮ ಉರಿಯೂತದ ಭವಿಷ್ಯ ಹೇಳುತ್ತಾರೆ. ಉಜ್ಜುವ ಮುಂಚೆ ಅರ್ಧ ಗಂಟೆ ಏನೂ ತಿನ್ನಬಾರದು ಎಂಬ ನಿಯಮವಿದೆ. ಆದರೆ ಸಪಾದಭಕ್ಷ್ಯ ಬಾಯಲ್ಲಿರುವಾಗ ನಿಯಮ ಕೇಳುವವರಾರು! ಊರಿನ ಭಟ್ಟರು ಹುಟ್ಟಿದ ಗಳಿಗೆಯನ್ನಾದರೂ ವಿಚಾರಿಸುತ್ತಿದ್ದರು.

ಎರಡು ವಾರಕ್ಕೆ ರಿಪೋರ್ಟು. ಕೆಂಪು, ಹಳದಿ, ಹಸಿರು. "ಶೆಟ್ರೇ, ನಿಮ್ದು ಕೆಂಪಂತೆ? ನಂದು ಬರೀ ಹಳದಿ ಮಾರಾಯ್ರೆ," ಎಂದು ಸೆಕ್ರೆಟರಿ ಲಿಫ್ಟಿನಲ್ಲಿ ಕರುಬುತ್ತಾರೆ.

ಕೆಂಪಾದದ್ದು ಇಂಟರ್‌ಲ್ಯೂಕಿನ್-6ರ ಗ್ರಾಹಕ. ಇಂಟರ್‌ಲ್ಯೂಕಿನ್-6 ಎಂದರೆ ಉರಿಯೂತದ ಸಂದೇಶ ಒಯ್ಯುವ ಪ್ರೋಟೀನು, ಗ್ರಾಹಕವೆಂದರೆ ಕೋಶದ ಮೈಮೇಲೆ ಕೂತು ಆ ಸಂದೇಶ ಹಿಡಿಯುವ ಇನ್ನೊಂದು ಪ್ರೋಟೀನು. ಕನ್ನಡದಲ್ಲಿ ರಿಸೆಪ್ಟರಿಗೂ ಗಿರಾಕಿಗೂ ಅದೊಂದೇ ಪದ. ಕಂಪನಿಯವರಿಗೆ ಕನ್ನಡ ಬಾರದಿದ್ದರೂ ಇದು ಮಾತ್ರ ಚೆನ್ನಾಗಿ ಅರ್ಥವಾಗಿದೆ. ಆ ಗ್ರಾಹಕದ 358ನೇ ಜಾಗದಲ್ಲಿ ಆಸ್ಪಾರ್ಟಿಕ್ ಆಮ್ಲದ ಬದಲು ಅಲನೀನ್ ಕೂತರೆ ರಕ್ತದಲ್ಲಿ ಇಂಟರ್‌ಲ್ಯೂಕಿನ್-6 ಏರುತ್ತದೆ. ಏರಿತೇ? ಹಾಗಾದರೆ ಬೆಂಕಿ! ಕೆಂಪು ಹಚ್ಚಿ!

ಮಾಟುಂಗದ ಉಡುಪಿ ಹೋಟೆಲಿನಲ್ಲಿ ಕೂತು ಯೋಚಿಸಿದರೆ ಸಾಕು. ಚೀಟಿ ಒಳಗೆ ಒಯ್ಯುವ ಹುಡುಗರು ಕಡಿಮೆಯಾದರೆ ಕೌಂಟರಿನಲ್ಲಿ ಚೀಟಿ ರಾಶಿ ಬೀಳುತ್ತದೆ, ಅಡುಗೆಮನೆಯಲ್ಲಿ ಕಾವಲಿ ತಣ್ಣಗಾಗುತ್ತದೆ. ಇಲ್ಲಿಯೂ ಅಷ್ಟೆ; ಚೀಟಿಯೆಂದರೆ ಇಂಟರ್‌ಲ್ಯೂಕಿನ್-6, ಹುಡುಗರೆಂದರೆ ಗ್ರಾಹಕಗಳು. ಈ ಬದಲಾವಣೆ ಇದ್ದಲ್ಲಿ ಗ್ರಾಹಕಗಳು ಕೋಶದ ಮೈಯಿಂದ ಸುಲಭವಾಗಿ ಕಳಚಿ ರಕ್ತದಲ್ಲಿ ತೇಲುತ್ತವೆ. ಇಂಟರ್‌ಲ್ಯೂಕಿನ್-6 ಅಂಟಿಕೊಂಡು ತೇಲುವ ಜೋಡಿಗಳನ್ನು ರಕ್ತದಲ್ಲೇ ಕರಗಿರುವ ಜಿಪಿ130 ಎಂಬ ಮತ್ತೊಂದು ಪ್ರೋಟೀನು ಬಹುಮಟ್ಟಿಗೆ ಹಿಡಿದಿಡುತ್ತದೆ. ಯಕೃತ್ತಿಗೆ ಸಂದೇಶ ಕಡಿಮೆ ಮುಟ್ಟುತ್ತದೆ, ಅದು ಉರಿಯೂತದ ಸೂಚಕವಾದ ಸಿಆರ್‌ಪಿ ಎಂಬ ಪ್ರೋಟೀನನ್ನೂ ಕಡಿಮೆ ತಯಾರಿಸುತ್ತದೆ. 2012ರಲ್ಲಿ ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್' ಪ್ರಕಟಿಸಿದ, ಎರಡು ಲಕ್ಷಕ್ಕೂ ಹೆಚ್ಚು ಜನರ ವಿಶ್ಲೇಷಣೆಯಲ್ಲಿ ಈ ಬದಲಾವಣೆಯಿರುವ ವಂಶವಾಹಿಯ ಒಂದೊಂದು ಪ್ರತಿಗೆ ಇಂಟರ್‌ಲ್ಯೂಕಿನ್-6 ಸುಮಾರು ಶೇ. 15 ಹೆಚ್ಚು, ಸಿಆರ್‌ಪಿ ಸುಮಾರು ಶೇ. 7.5 ಕಡಿಮೆ, ಹೃದಯದ ರಕ್ತನಾಳದ ಕಾಯಿಲೆಯ ಸಂಭವವೂ ಸುಮಾರು ಶೇ. 3 ಕಡಿಮೆ. ಅಂದರೆ ಶೆಟ್ಟರಿಗೆ ಕೆಂಪು ಬಳಿದದ್ದು ಅವರ ಪುಣ್ಯದ ಪುಟಕ್ಕೆ. ಸಂಧಿವಾತಕ್ಕೆ ಕೊಡುವ ಟೊಸಿಲಿಜುಮಾಬ್ ಕೂಡ ಇದೇ ಗ್ರಾಹಕವನ್ನು ತಡೆಯುತ್ತದೆ. ಚುಚ್ಚಿದ ಮೇಲೆ ರಕ್ತದಲ್ಲಿ ಇಂಟರ್‌ಲ್ಯೂಕಿನ್-6 ಏರುತ್ತದೆ, ಕೀಲಿನ ಊತ ಇಳಿಯುತ್ತದೆ.

ಹಾಗಂತ ಹಸಿರು ಬಳಿಯುವಂತೆಯೂ ಇಲ್ಲ. ಅದೇ ಬದಲಾವಣೆ ಆಸ್ತಮಾದ ಸಂಭವವನ್ನು ತುಸು ಹೆಚ್ಚಿಸುತ್ತದೆ. ಹೃದಯಕ್ಕೊಂದು, ಶ್ವಾಸಕೋಶಕ್ಕೊಂದು ನ್ಯಾಯ. ಮೂರೇ ಬಣ್ಣದ ಪ್ರಿಂಟರಿಗೆ ಇದನ್ನೆಲ್ಲ ಹೇಳುವುದು ಹೇಗೆ?

ಕೆಂಪಿನವರಿಗೆ 'ಖಚಿತಪಡಿಸಲು' ರಕ್ತಪರೀಕ್ಷೆ. ತೆಗೆದ ರಕ್ತವನ್ನು ಬೇಗನೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಪ್ಲಾಸ್ಮಾ ಬೇರ್ಪಡಿಸಿ, ತಣ್ಣಗಿಡಬೇಕು. ಇಲ್ಲವಾದರೆ ಟ್ಯೂಬಿನೊಳಗಿನ ಬಿಳಿ ರಕ್ತಕಣಗಳೇ ಇಂಟರ್‌ಲ್ಯೂಕಿನ್-6 ಹೊರಬಿಡುತ್ತ ಕೂರುತ್ತವೆ. ಡೊಂಬಿವಲಿಯಲ್ಲಿ ಬೆಳಿಗ್ಗೆ ತೆಗೆದದ್ದು ಹುಡುಗನ ಬೆನ್ನಚೀಲದಲ್ಲಿ ಸ್ಲೋ ಲೋಕಲ್ ಹತ್ತಿ, ನಾಲ್ಕು ಸೊಸೈಟಿ ಸುತ್ತಿ, ಸಂಜೆ ಲ್ಯಾಬು ಸೇರುತ್ತದೆ. ಅಳೆದದ್ದು ಶೆಟ್ಟರ ಉರಿಯೂತವೋ, ಮಧ್ಯ ರೈಲ್ವೆಯದೋ! ರಕ್ತ ಕೊಡುವ ಮೊದಲು ಅವರು ಮೈದಾನದಲ್ಲಿ ಹತ್ತು ಸುತ್ತು ಓಡಿ ಬಂದಿದ್ದರಂತೂ ಮುಗಿಯಿತು. ದುಡಿದ ಸ್ನಾಯುವೂ ಅದೇ ಪ್ರೋಟೀನನ್ನು ಸುರಿಸುತ್ತದೆ.

ಹೊಟ್ಟೆಯ ಕೊಬ್ಬು ದಿನವಿಡೀ ಇಂಟರ್‌ಲ್ಯೂಕಿನ್-6 ಮಾಡುತ್ತದೆ, ವಸಡಿನ ಸೋಂಕೂ ಮಾಡುತ್ತದೆ. ಆ ಹೊಟ್ಟೆಯನ್ನು ಟೇಪು ಹಿಡಿದು ಅಳೆಯಬಹುದಿತ್ತು. ಆದರೆ ಟೇಪಿನ ಜೊತೆ ಅರಿಶಿನದ ಕ್ಯಾಪ್ಸೂಲು ಮಾರಲಾಗುವುದಿಲ್ಲವಲ್ಲ. ಕೆಂಪಿನವರಿಗೆ ಮೂರು ತಿಂಗಳ ಡಬ್ಬಿ, ಹಳದಿಗೆ ಎರಡು ತಿಂಗಳದ್ದು. ಹಸಿರು ಬಂದವರಿಗೂ ಒಂದು ಡಬ್ಬಿ ಇದ್ದೇ ಇದೆ, ಹಸಿರು ಬಾಡದಿರಲೆಂದು.