ಕಟ್ಟಿದವರ ಜೊತೆ ನಡೆಸಿದವರನ್ನೂ ನೆನೆಯೋಣ

ಸೆಪ್ಟೆಂಬರ್ 15 ಬಂತು ಅಂದರೆ ಫೇಸ್‌ಬುಕ್ ತುಂಬಾ ಸರ್ ಎಂ.ವಿ. ಅವರ ಪೇಟದ ಫೋಟೊ. ಇರಲೇಬೇಕು. 1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಆ ಮಹನೀಯರ ಋಣ ನಮ್ಮ ಮೇಲೆ ದೊಡ್ಡದಿದೆ. ಈ ಸಲ ಅವರ ಜೊತೆಗೆ ಇನ್ನೊಬ್ಬ ಎಂಜಿನಿಯರ್ ಬಗ್ಗೆಯೂ ಬರೆಯಬೇಕು ಅನ್ನಿಸಿತು. ಅವನು ಒಂದು ಸೇತುವೆ ಕಟ್ಟಿದವನಲ್ಲ, ಅಣೆಕಟ್ಟು ಕಟ್ಟಿದವನಲ್ಲ. ಬೇರೆಯವರು ಕಟ್ಟಿಕೊಟ್ಟಿದ್ದು ನಿಂತುಹೋಗದ ಹಾಗೆ ನೋಡಿಕೊಂಡ, ಅಷ್ಟೇ. ನನ್ನ ಅಪ್ಪ. ಈ ಮಳೆಗಾಲದ ಶುರುವಿನಲ್ಲಿ ತೀರಿಕೊಂಡ.

ಅಪ್ಪ ಶರಾವತಿ ಪವರ್‌ಹೌಸಿನಲ್ಲಿ ಶಿಫ್ಟ್ ಎಂಜಿನಿಯರ್ ಆಗಿದ್ದ. ಲಿಂಗನಮಕ್ಕಿ ಅಣೆಕಟ್ಟಿನ ನೀರು ತಲಕಳಲೆ ಜಲಾಶಯಕ್ಕೆ ಬಂದು, ಅಲ್ಲಿಂದ ದೊಡ್ಡ ದೊಡ್ಡ ಪೈಪುಗಳಲ್ಲಿ ಘಟ್ಟ ಇಳಿದು ಕಣಿವೆಯ ಪವರ್‌ಹೌಸಿಗೆ ನುಗ್ಗುತ್ತದೆ. ಅಲ್ಲಿ ಹತ್ತು ಮೆಷಿನ್‌ಗಳಿವೆ. ಒಂದೊಂದೂ 103.5 ಮೆಗಾವ್ಯಾಟ್, ಒಟ್ಟು 1035. ಕಲ್ಲಿದ್ದಲಿನ ಘಟಕ ಒಂದು ಸಲ ನಿಂತರೆ ಮತ್ತೆ ಬಿಸಿಯಾಗಿ ಶುರುವಾಗಲು ಗಂಟೆಗಟ್ಟಲೆ ಬೇಕು. ನೀರಿನ ಮೆಷಿನ್ ಹಾಗಲ್ಲ, ಕೆಲವೇ ನಿಮಿಷದಲ್ಲಿ ಲೈನಿಗೆ ಬರುತ್ತದೆ. ಹಾಗಾಗಿ ಸಂಜೆ ಇಡೀ ರಾಜ್ಯ ಒಟ್ಟಿಗೆ ಲೈಟು ಹಾಕುವ ಹೊತ್ತಿಗೆ ಬೆಂಗಳೂರಿನಿಂದ ಮೊದಲು ಫೋನ್ ಬರುತ್ತಿದ್ದದ್ದು ಇಂಥ ಕಡೆಗೇ. ಮಿಕ್ಕ ಹೊತ್ತಿನಲ್ಲಿ ಗಂಟೆಗೊಂದು ಸಲ ರೀಡಿಂಗ್ ತೆಗೆದು ಲಾಗ್ ಶೀಟಿನಲ್ಲಿ ಬರೆಯುವುದು, ಬೇರಿಂಗ್ ಜಾಸ್ತಿ ಬಿಸಿಯಾಗಿದೆಯಾ ನೋಡುವುದು, ಸದ್ದು ಕೇಳುವುದು. ಏನೂ ಆಗದೆ ಮುಗಿದ ಶಿಫ್ಟೇ ಒಳ್ಳೆಯ ಶಿಫ್ಟ್ ಅನ್ನುತ್ತಿದ್ದ. ಏನೂ ಆಗದ್ದಕ್ಕೆ ಯಾರು ಶಾಲು ಹೊದಿಸುತ್ತಾರೆ ಹೇಳಿ?

ಶಿಫ್ಟ್ ಕೆಲಸದವರಿಗೆ ಮನೆ ಮಕ್ಕಳ ಜೊತೆ ಇರಲು ಆಗುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಮನೆಯಲ್ಲಿ ಉಲ್ಟಾ. ಅಮ್ಮ ಟೀಚರ್. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟುಬಿಡಬೇಕಿತ್ತು. ನೈಟ್ ಶಿಫ್ಟ್ ಮುಗಿಸಿ ಬಂದ ಅಪ್ಪ, ನಿದ್ದೆಗಣ್ಣಲ್ಲೇ ನನಗೆ ಎರಡು ಜಡೆ ಹಾಕುತ್ತಿದ್ದ. ಮೊದಲು ಕೊಬ್ಬರಿ ಎಣ್ಣೆ, ಆಮೇಲೆ ಬೈತಲೆ. ಬೈತಲೆ ನೇರ ಬರುವವರೆಗೂ ಬಾಚಣಿಗೆ ಕೆಳಗಿಡುತ್ತಿರಲಿಲ್ಲ. ಕೆಂಪು ರಿಬ್ಬನ್ ಮಡಚಿ ಕಟ್ಟಿ, ಎರಡು ಹೆಜ್ಜೆ ಹಿಂದೆ ಸರಿದು ಎರಡೂ ಸಮ ಇದೆಯಾ ನೋಡುತ್ತಿದ್ದ. ಇಲ್ಲದಿದ್ದರೆ ಬಿಚ್ಚಿ ಮತ್ತೆ ಹಾಕುವುದು. ನಾವು ಸ್ಕೂಲಿಗೆ ಹೊರಟ ಮೇಲೆ ಕಿಟಕಿಗೆ ಕಂಬಳಿ ಕಟ್ಟಿಕೊಂಡು ಮಲಗುತ್ತಿದ್ದ. ಸಂಜೆ ನಾವು ಬರುವಷ್ಟರಲ್ಲಿ ಎದ್ದು ಅವಲಕ್ಕಿ ಕಲೆಸಿಟ್ಟಿರುತ್ತಿದ್ದ. ಅವನ ನಿದ್ದೆಯಿಂದ ಎಷ್ಟನ್ನು ನಾವು ತೆಗೆದುಕೊಂಡೆವು ಅನ್ನುವುದು ನನ್ನ ಮಕ್ಕಳನ್ನು ಬೆಳೆಸುವಾಗಲೇ ತಿಳಿದದ್ದು.

ಮನೆಯಲ್ಲಿ ಕೂತಿದ್ದರೂ ಕಿವಿ ಮಾತ್ರ ಕೆಲಸದ ಮೇಲೇ. ತೊಂಬತ್ತರ ದಶಕದಲ್ಲಿ, 50 ಹರ್ಟ್ಸ್ ಇರಬೇಕಾದ ಕರೆಂಟಿನ ಫ್ರೀಕ್ವೆನ್ಸಿ ಸಂಜೆ ಹೊತ್ತು 48ರ ಹತ್ತಿರಕ್ಕೆ ಜಾರುತ್ತಿತ್ತು. ಬೇಕಾದಷ್ಟು ಕರೆಂಟು ತಯಾರಾಗದಿದ್ದರೆ ಹಾಗೆ ಬೀಳುತ್ತದೆ, ಫ್ಯಾನೂ ನಿಧಾನವಾಗುತ್ತದೆ. ಊಟಕ್ಕೆ ಕೂತವನು ತಲೆ ಎತ್ತಿ, "ಪುಟ್ಟೀ, ಫ್ಯಾನ್ ಸದ್ದು ಕೇಳು, ಫ್ರೀಕ್ವೆನ್ಸಿ ಬಿದ್ದಿದೆ" ಅನ್ನುತ್ತಿದ್ದ. ನಮಗೆ ಫ್ಯಾನ್ ತಿರುಗುತ್ತಿದೆ ಅನ್ನುವುದಷ್ಟೇ ಗೊತ್ತು. 2013ರ ಡಿಸೆಂಬರ್ 31ಕ್ಕೆ ರಾಯಚೂರು–ಸೊಲ್ಲಾಪುರ ಲೈನಿನಿಂದ ದಕ್ಷಿಣದ ಗ್ರಿಡ್, ಅಂದರೆ ವಿದ್ಯುತ್ ಜಾಲ, ದೇಶದ ಗ್ರಿಡ್ಡಿಗೆ ಸೇರಿಕೊಂಡಾಗ ಅಪ್ಪ ಆಗಲೇ ರಿಟೈರ್ ಆಗಿ ಸಾಗರ ಪಟ್ಟಣದಲ್ಲಿದ್ದ. ಆದರೂ ಹೊಸ ವರ್ಷದ ದಿನ ಫೋನ್ ಮಾಡಿ ಅದನ್ನೇ ಮಾತಾಡಿದ. ಅಷ್ಟು ಖುಷಿಯಾಗಿ ಅವನು ತನ್ನ ಪ್ರಮೋಷನ್ ಬಗ್ಗೆ ಮಾತಾಡಿದ್ದು ನಾನು ಕೇಳಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಈ ಕರೆಂಟಿಗೆ ಬೆಲೆ ಕೊಟ್ಟವರು ಯಾರು ಅನ್ನುವುದನ್ನು ಅಪ್ಪ ನಮಗೆ ಮರೆಯಲು ಬಿಡಲಿಲ್ಲ. ಹಿನ್ನೀರು ತಳ ಕಂಡ ಒಂದು ಬೇಸಿಗೆಯಲ್ಲಿ ನಮ್ಮನ್ನು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ತೋರಿಸಲು ಕರೆದುಕೊಂಡು ಹೋದ. ಜೋಗದ ಹಳೆಯ ವಿದ್ಯುದಾಗಾರಕ್ಕೆ ನೀರು ಕೊಡಲು 1948ರಲ್ಲಿ ಮುಗಿಸಿದ ಅಣೆಕಟ್ಟು ಅದು. 1964ರಲ್ಲಿ ಲಿಂಗನಮಕ್ಕಿ ತುಂಬಿದ ಮೇಲೆ ಮುಳುಗಿಹೋಯಿತು. ದಶಕಗಳು ನೀರಿನಡಿ ಇದ್ದರೂ ಗೋಡೆ, ಹೆಚ್ಚಾದ ನೀರು ಹೊರಗೆ ಬಿಡುವ ಸೈಫನ್‌ಗಳು ಗಟ್ಟಿಯಾಗಿ ನಿಂತಿದ್ದವು. ನಾವು ಅದನ್ನೇ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ, ಅಪ್ಪ ಸುತ್ತಲಿನ ಒಣಗಿದ ಕೆಸರು ತೋರಿಸಿದ. ಇಲ್ಲೆಲ್ಲ ಗದ್ದೆ ಇತ್ತು, ತೋಟ ಇತ್ತು, ಮನೆಗಳಿದ್ದವು. ಎದ್ದು ಹೋದವರಲ್ಲಿ ಎಷ್ಟೋ ಜನರ ಮನೆಗೆ ಬಹಳ ವರ್ಷ ಈ ಕರೆಂಟೇ ಬರಲಿಲ್ಲ, ಕೂತ ಜಾಗಕ್ಕೆ ಹಕ್ಕುಪತ್ರವೂ ಸಿಗಲಿಲ್ಲ ಅಂದ. ಆ ಹೊತ್ತಿಗೆ ಅವನ ದನಿ ಬೇರೆಯಾಗಿತ್ತು. ಶರಾವತಿ ಸಂತ್ರಸ್ತರ ಹಕ್ಕುಪತ್ರದ ಜಗ್ಗಾಟ ಇವತ್ತಿಗೂ ಮುಗಿದಿಲ್ಲ. ಇದು ನಮಗೆಲ್ಲ ನಾಚಿಕೆಯ ವಿಷಯ ಅಂತಲೇ ನಾನು ಹೇಳುತ್ತೇನೆ.

ಅಮ್ಮ ಕೊನೆಯ ವರ್ಷಗಳಲ್ಲಿ ಹಾಸಿಗೆ ಹಿಡಿದಳು. ಆಗ ಅಪ್ಪ ಉದ್ದನೆಯ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿದ. ಗಂಟೆ, ಬಿಪಿ, ಶುಗರ್, ಮಾತ್ರೆ, ಷರಾ. ಷರಾ ಅನ್ನುವ ಕಡೆ ಚಿಕ್ಕ ಅಕ್ಷರದಲ್ಲಿ "ಗಂಜಿ ಅರ್ಧ ಲೋಟ", "ಎರಡು ಸಲ ನಕ್ಕಳು", "ಮಗಳ ಹೆಸರು ಕೇಳಿದಳು". ಡಾಕ್ಟರು ಫೈಲಿಗಿಂತ ಮೊದಲು ಆ ನೋಟ್‌ಬುಕ್ ಕೇಳುತ್ತಿದ್ದರು. ರಾತ್ರಿಗೆ ನರ್ಸ್ ಇಡೋಣ ಅಂತ ನಾನು ಅಂದರೆ, "ನೈಟ್ ಶಿಫ್ಟ್ ನನಗೇನು ಹೊಸದಲ್ಲವಲ್ಲ" ಅಂದುಬಿಟ್ಟ.

ಎಂಜಿನಿಯರ್ಸ್ ಡೇ ದಿನ ನನ್ನದೊಂದು ಬೇಡಿಕೆ. ಅಣೆಕಟ್ಟಿನ ಕಲ್ಲಿನ ಮೇಲೆ ಉದ್ಘಾಟನೆ ಮಾಡಿದವರ ಹೆಸರಿರುತ್ತದೆ. ಸರಿ, ಇರಲಿ. ಪ್ರತಿ ಪವರ್‌ಹೌಸಿನ ಬಾಗಿಲಲ್ಲೂ ಇನ್ನೊಂದು ಬೋರ್ಡ್ ಹಾಕಿ. ಮೊದಲು ಮುಳುಗಿದ ಊರುಗಳ ಹೆಸರು. ಆಮೇಲೆ ಅಲ್ಲಿ ದುಡಿದ ಎಲ್ಲರ ಹೆಸರು. ಎಣ್ಣೆ ಒರೆಸಿದ ಹೆಲ್ಪರ್, ಫಿಟ್ಟರ್, ಆಪರೇಟರ್, ಶಿಫ್ಟ್ ಬಸ್ಸಿನ ಡ್ರೈವರ್, ಎಲ್ಲರದ್ದೂ. ಹುದ್ದೆ ಪ್ರಕಾರ ಬೇಡ, ಕೆಲಸಕ್ಕೆ ಸೇರಿದ ವರ್ಷದ ಪ್ರಕಾರ ಬರೆಯಿರಿ. ಅಪ್ಪನ ಹೆಸರು ಮಧ್ಯದಲ್ಲೆಲ್ಲೋ ಬರುತ್ತದೆ. ನಾನು ಹುಡುಕಿಕೊಳ್ಳುತ್ತೇನೆ.